ಹತ್ತು ಸಾವಿರ ಲೀಟರ್ ನೀರು, ಅರ್ಧ ಕಿಲೊ ಅರಿಶಿನ

ಹತ್ತು ಸಾವಿರ ಲೀಟರ್ ನೀರು ಹೊತ್ತ ಲಾರಿಯೊಂದು ನೀರಿಲ್ಲದೆ ನಿಂತಿತು ಎಂದರೆ ಕೇಳಿದವರು ನಂಬುವುದಿಲ್ಲ. ಅಮರೇಶಪ್ಪನೂ ನಂಬಲಿಲ್ಲ. ಎರಡು ಸಾವಿರದ ಇಸವಿ, ಆಷಾಢದ ಒಂದು ಬುಧವಾರ, ಮಧ್ಯಾಹ್ನ ಮೂರೂಕಾಲಕ್ಕೆ ಹೈದರಾಬಾದಿನ ಅಮೀರ್‌ಪೇಟೆಯ ತಿರುವಿನಲ್ಲಿ ಅವನ ಟ್ಯಾಂಕರ್ ಲಾರಿ ಬಾನೆಟ್ಟಿನ ಸಂದಿಯಿಂದ ಹಬೆ ಬಿಟ್ಟು ನಿಂತಾಗ, ಅವನು ಮೊದಲು ಟ್ಯಾಂಕಿನ ಮೇಲೆ ಹತ್ತಿ, ಮುಚ್ಚಳ ತೆಗೆದು ಒಳಗೆ ಇಣುಕಿದ. ನೀರು ಕಂಠದವರೆಗೆ ಇತ್ತು.

"ನೀರು ತುಂಬೇತಲ್ಲೋ ಹುಸೇನಪ್ಪ! ಮತ್ತ್ಯಾಕ ನೀರಿಲ್ಲ ಅಂತೀ?" ಎಂದು ಮೇಲಿಂದಲೇ ಕೂಗಿದ.

ಹುಸೇನಪ್ಪ ಅಂದದ್ದೇನೂ ಇಲ್ಲ. ಡ್ರೈವರ್ ಹುಸೇನಪ್ಪ ರಾಯಚೂರಿನವನು. ಲಾರಿಯ ಕೆಲಸವೂ ಗೊತ್ತು, ತೆಲುಗೂ ಗೊತ್ತು. ಆದರೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅವನ ಕೆಳತುಟಿಯ ಹಿಂದೆ ತಂಬಾಕು ಇರುತ್ತಿತ್ತು. ಮಾತಾಡಬೇಕಾದರೆ ಉಗುಳಬೇಕು, ಉಗುಳಿದರೆ ತಂಬಾಕು ದಂಡ. ಆದ್ದರಿಂದ ತಂಬಾಕಿಗಿಂತ ಹೆಚ್ಚು ಬೆಲೆಯುಳ್ಳ ಮಾತನ್ನು ಮಾತ್ರ ಅವನು ಆಡುತ್ತಿದ್ದ. ಅಂಥ ಮಾತು ವಾರಕ್ಕೆ ಒಂದೋ ಎರಡೋ ಬರುತ್ತಿತ್ತು. ಈಗ ಅವನು ಬಾನೆಟ್ ಎತ್ತಿ, ಇಂಜಿನ್ನಿನ ಕೆಳಗೆ ತೊಟತೊಟನೆ ಬೀಳುತ್ತಿದ್ದ ನೀರಿನ ಕಡೆಗೆ ಬೆರಳು ಮಾಡಿ ತೋರಿಸಿದ, ಅಷ್ಟೆ.

ಲಾರಿಗೆ ಎರಡು ಹೊಟ್ಟೆಗಳಿವೆ ಎಂಬ ವಿಷಯ ಅಮರೇಶಪ್ಪನಿಗೆ ತಿಳಿದದ್ದು ಆಗಲೇ. ಊರಿಗೆ ಕುಡಿಸುವ ದೊಡ್ಡ ಹೊಟ್ಟೆ ಹಿಂದೆ. ಇಂಜಿನ್ನನ್ನು ತಂಪಾಗಿಡುವ ನೀರಿನ ಸಣ್ಣ ಹೊಟ್ಟೆ, ಅಂದರೆ ರೇಡಿಯೇಟರ್, ಮುಂದೆ. ಸೋರುತ್ತಿದ್ದುದು ಮುಂದಿನದು.

ಇಲ್ಲಿ ಅಮರೇಶಪ್ಪನ ಬಗ್ಗೆ ಕೆಲವು ಸಂಗತಿಗಳನ್ನು ದಾಖಲಿಸಬೇಕು. ವಯಸ್ಸು ನಲವತ್ತೇಳು. ಊರು ಇಳಕಲ್. ಇಬ್ಬರು ಅಣ್ಣಂದಿರ ಜತೆ ಸೀರೆ ಅಂಗಡಿಯ ಗಾದಿಯ ಮೇಲೆ ಕೂತಿದ್ದವನು ಒಂದು ದಿನ ಪೇಪರಿನಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಸುದ್ದಿ ಓದಿದ. ಸುದ್ದಿಯ ಉಳಿದರ್ಧ ಏಳನೇ ಪುಟದಲ್ಲಿತ್ತು. ಅಲ್ಲಿಯವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. "ಇನ್ನ ಸೀರಿಗೆ ಭವಿಷ್ಯ ಇಲ್ಲ" ಎಂದು ಸಾರಿ, ಹೆಂಡತಿ ಗಿರಿಜಾಬಾಯಿಯನ್ನು ಕರೆದುಕೊಂಡು ಹೊರಟುಬಂದ. ಅಮೀರ್‌ಪೇಟೆಗೆ ಬಂದು ನೋಡಿದರೆ ಓಣಿಗೊಂದು ಕಂಪ್ಯೂಟರ್ ತರಬೇತಿ ಶಾಲೆ, ಶಾಲೆಗೆ ಮೂರು ಹಾಸ್ಟೆಲು. ಸಾಫ್ಟ್‌ವೇರ್ ಕಲಿಯುವವರೂ ಜಳಕ ಮಾಡಬೇಕಲ್ಲ ಎಂಬ ಸತ್ಯ ಹೊಳೆದು, ಹದಿನೇಳು ವರ್ಷ ಹಳೆಯ ಲಾರಿಯೊಂದನ್ನು ಹಿಡಿದು ಅದಕ್ಕೆ ಟ್ಯಾಂಕ್ ಕೂರಿಸಿದ. ಊರಿಗೆ ಬರೆದ ಕಾಗದದಲ್ಲಿ "ಸಾಫ್ಟ್‌ವೇರ್ ಲೈನಿನಲ್ಲಿ ಇದ್ದೇನೆ" ಎಂದು ತಿಳಿಸಿದ. ಇದು ಸುಳ್ಳಲ್ಲ. ಲೈನು ನೀರಿನದು ಎಂಬುದನ್ನು ಬರೆಯಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿ. ತನಗೆ ನಾಲ್ಕು ಭಾಷೆ ಬರುತ್ತವೆಂದು ಅವನು ಹೇಳಿಕೊಳ್ಳುತ್ತಿದ್ದ. ಕನ್ನಡ ಬರುತ್ತಿತ್ತು. ಉರ್ದು ಅರ್ಧ ಬರುತ್ತಿತ್ತು. ತೆಲುಗು ಎಂದರೆ ಕನ್ನಡ ಶಬ್ದದ ಬಾಲಕ್ಕೆ 'ಲು' ಇಲ್ಲವೇ 'ಡು' ಕಟ್ಟುವುದು ಎಂದು ತಿಳಿದಿದ್ದ. ನಾಲ್ಕನೆಯದು ಯಾವುದೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಅವನ ಬದುಕೆಲ್ಲ ನಿಂತಿದ್ದುದು ಒಂದೇ ಹಾಸ್ಟೆಲಿನ ಮೇಲೆ. ವೆಂಕಟೇಶನೆಂಬ ತೆಲುಗಿನವನ ಹುಡುಗರ ಹಾಸ್ಟೆಲು. ನೂರಾ ನಲವತ್ತು ಹುಡುಗರು, ದಿನಕ್ಕೆ ಮೂರು ಟ್ಯಾಂಕರ್ ನೀರು. ಆದರೆ ಟ್ಯಾಂಕರಿಗೆ 'ಕುಡಿಯುವ ನೀರಿಗೆ ಯೋಗ್ಯ' ಎಂಬ ಸರ್ಟಿಫಿಕೇಟು ಬೇಕು. ಹಳೆಯದರ ಅವಧಿ ಬರುವ ಸೋಮವಾರಕ್ಕೆ ಮುಗಿಯುತ್ತಿತ್ತು. ಶುಕ್ರವಾರ ಇನ್ಸ್‌ಪೆಕ್ಟರು ನೀರಿನ ನಮೂನೆ ಒಯ್ಯಲು ಬರುವವರಿದ್ದರು. ಸರ್ಟಿಫಿಕೇಟು ಸಿಗದಿದ್ದರೆ ಸೋಮವಾರದಿಂದ ಬೇರೆ ಟ್ಯಾಂಕರ್ ಎಂದು ವೆಂಕಟೇಶ ಮೊದಲೇ ಹೇಳಿಬಿಟ್ಟಿದ್ದ. ಆಮೇಲೆ ಅಮರೇಶಪ್ಪನಿಗೆ ಉಳಿಯುವುದು ಇಳಕಲ್ಲಿನ ಬಸ್ಸು, ಅಣ್ಣಂದಿರ ಮುಖ ಮತ್ತು ಗಾದಿಯ ಮೂಲೆ.

ಅಂದು ಸಂಜೆ ಐದಕ್ಕೆ ಅವನು ಕಿರಾಣಿ ಅಂಗಡಿಯ ಮುಂದಿನ ಒಂದು ರೂಪಾಯಿ ಫೋನಿನಿಂದ ಮೆಕ್ಯಾನಿಕ್ ಗೌಸ್‌ಮಿಯಾನಿಗೆ ಫೋನ್ ಮಾಡಿದ. ಗೌಸ್‌ಮಿಯಾ ಮೂವತ್ತು ವರ್ಷದಿಂದ ಲಾರಿಗಳ ಕೆಳಗೆ ಮಲಗಿಯೇ ಜೀವನ ಸಾಗಿಸಿದವನು.

"ಶನಿವಾರ್ ತಕ್ ಟೈಮ್ ನಕ್ಕೋ ಪೂಛೋ ಅಮ್ರೇಶ್ ಭಾಯ್, ಆಠ್ ಗಾಡಿಯಾಂ ಖಡೀ ಹೈಂ" ಎಂದ ಅವನು. ಎಂಟು ಗಾಡಿ ನಿಂತಿವೆ, ಶನಿವಾರದವರೆಗೆ ಪುರುಸೊತ್ತಿಲ್ಲ. "ತಬ್ ತಕ್ ಹಲ್ದಿ ಡಾಲೋ ರೇಡಿಯೇಟರ್ ಮೇಂ. ಏಕ್ ಮುಠ್ಠಿ. ಮಗರ್ ಪೈಲೇ ಕಿಲಿಪ್ ದೇಖೋ ಮಿಯಾಂ, ನೀಚೇ ಕಾ..." ಅಲ್ಲಿಯವರೆಗೆ ರೇಡಿಯೇಟರಿಗೆ ಒಂದು ಮುಷ್ಟಿ ಹಲ್ದಿ ಹಾಕು, ಆದರೆ ಮೊದಲು ಕೆಳಗಿನ ಕಿಲಿಪ್ ನೋಡು.

"ಹೌ ಹೌ, ಮಾಲೂಮ್ ಹೈ, ಸಬ್ ಮಾಲೂಮ್ ಹೈ" ಎಂದು ಅಮರೇಶಪ್ಪ ಫೋನ್ ಇಟ್ಟುಬಿಟ್ಟ. ಪೇಪರಿನಂತೆ ಫೋನನ್ನೂ ಅವನು ಅರ್ಧಕ್ಕೇ ಮುಗಿಸುತ್ತಿದ್ದ. ಅರ್ಧದಲ್ಲಿ ಸಿಕ್ಕಿದ್ದು ಹಲ್ದಿ, ಅಂದರೆ ಅರಿಶಿನ. ಹಳೆಯ ಲಾರಿಗಳ ರೇಡಿಯೇಟರಿನಲ್ಲಿ ಸಣ್ಣ ತೂತು ಬಿದ್ದರೆ ಅರಿಶಿನ ಪುಡಿ ಹಾಕಿ ಮುಚ್ಚುವುದು ದಾರಿಯ ಮೇಲಿನ ಡ್ರೈವರುಗಳೆಲ್ಲ ಬಲ್ಲ ಉಪಾಯ. ಪುಡಿ ನೀರಿನಲ್ಲಿ ಉಬ್ಬಿ ತೂತಿಗೆ ಹೋಗಿ ಕೂರುತ್ತದೆ. ತೂತು ಇದ್ದರೆ ಮಾತ್ರ.

"ಅರಿಶಿನಾ?" ಗಿರಿಜಾಬಾಯಿಯ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. "ಲಾರಿಗೆ? ಯಾಕ್ರಿ, ಲಾರಿಗೇನು ಲಗ್ನ ಗೊತ್ತಾಗೇತೇನು?"

"ಏ, ನಿನಗ ಮಷಿನ್ನಿನ ವಿಷಯ ತಿಳಿಯೂದಿಲ್ಲ. ಡಬ್ಬಿ ಕೊಡು."

"ಡಬ್ಬಿ ಕೊಡು ಅಂದ್ರ? ನಮ್ಮವ್ವ ಕೊಂಬು ಒಣಗಿಸಿ ಕುಟ್ಟಿ ಕಳಿಸಿದ್ದೈತಿ ಅದು. ವರ್ಷಾನಗಟ್ಲೆ ಬರಬೇಕು. ಆ ಸುಡಗಾಡ ಇಂಜಿನ್ನಿಗೆ ಹಾಕತೀರಿ?"

"ಒಂದ ಮುಷ್ಟಿ ಸಾಕಂತ."

"ಯಾರ ಮುಷ್ಟಿ?"

ಈ ಪ್ರಶ್ನೆಯಲ್ಲಿ ಅರ್ಥವಿತ್ತು. ಗೌಸ್‌ಮಿಯಾ ಯಾರ ಮುಷ್ಟಿ ಎಂದು ಹೇಳಿರಲಿಲ್ಲ. ಒಂದು ಮುಷ್ಟಿಗೆ ಒಂದು ದಿನ ನಿಂತರೆ ಇಡೀ ಡಬ್ಬಿಗೆ ಶುಕ್ರವಾರ ದಾಟುತ್ತದೆ ಎಂದು ಲೆಕ್ಕ ಹಾಕಿದ ಅಮರೇಶಪ್ಪ, ಅವಳು ಸೌಟು ಹುಡುಕುವಷ್ಟರಲ್ಲಿ ಡಬ್ಬಿ ಎತ್ತಿಕೊಂಡು ಹೊರಬಿದ್ದ. ಅರ್ಧ ಕಿಲೊ ಅರಿಶಿನ ರೇಡಿಯೇಟರಿಗೆ ಇಳಿಯಿತು. ಹುಸೇನಪ್ಪ ಎರಡೂ ಕೈ ಅಡ್ಡ ಹಿಡಿದು ತಡೆಯಲು ನೋಡಿದ. ಬೆರಳು ಕೆಳಗೆ ತೋರಿಸಿದ, ಏನನ್ನೋ ತಿರುಗಿಸುವ ಸನ್ನೆ ಮಾಡಿದ. "ಆತೋ ಮಾರಾಯಾ, ಕಲಸತೀನಿ" ಎಂದು ಅಮರೇಶಪ್ಪ ಒಂದು ಕಡ್ಡಿಯಿಂದ ಕಲಸಿದ.

ಗುರುವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಲಾರಿ ಹಾಸ್ಟೆಲಿನ ಮುಂದೆ ನಿಂತಿತು. ಸೋರಿಕೆ ನಿಂತಿರಲಿಲ್ಲ. ವ್ಯತ್ಯಾಸವಿಷ್ಟೇ: ನಿನ್ನೆ ಬಣ್ಣವಿಲ್ಲದೆ ಸೋರುತ್ತಿತ್ತು, ಇಂದು ಹೊಳೆಯುವ ಹಳದಿ ನೀರು ಲಾರಿಯ ಕೆಳಗಿನಿಂದ ಹಬೆಯಾಡುತ್ತ ಇಳಿದು, ರಸ್ತೆಯ ಅಂಚಿನಲ್ಲಿ ಹಾವಿನಂತೆ ಹರಿದು ಹೋಗುತ್ತಿತ್ತು. ಹುಸೇನಪ್ಪ ಮಗ್ಗು ಹಿಡಿದು ಹಿಂದಿನ ಟ್ಯಾಂಕಿನಿಂದ ಮುಂದಿನ ರೇಡಿಯೇಟರಿಗೆ ನೀರು ಹೊರಲು ತೊಡಗಿದ.

ಮೊದಲ ಮಹಡಿಯಲ್ಲಿ ಹುಡುಗನೊಬ್ಬ ಹಲ್ಲುಜ್ಜುತ್ತ ನಿಂತಿದ್ದ. ಅವನು ಕೆಳಗೆ ನೋಡಿ, ಬಾಯಿ ತುಂಬ ನೊರೆಯೊಡನೆ ಕೂಗಿದ:

"ಅಂಕುಲ್! ಪಚ್ಚಗಾ ಕಾರುತುನ್ನಾಯಿ!"

ತೆಲುಗಿನಲ್ಲಿ 'ಪಚ್ಚ' ಎಂದರೆ ಹಸಿರೂ ಹೌದು, ಹಳದಿಯೂ ಹೌದು. 'ಕಾರು' ಎಂದರೆ ಸೋರು. ಹಳದಿಯಾಗಿ ಸೋರುತ್ತಿದೆ ಎಂದು ಹುಡುಗ ಹೇಳಿದ್ದು. ಆದರೆ ಕನ್ನಡದ ಕಿವಿಗೆ ಪಚ್ಚೆ ಎಂದರೆ ಹಸಿರು, ಕಾರು ಎಂದರೆ ವಾಂತಿ. ಮೇಲೆ ನೋಡಿದರೆ ಹುಡುಗನ ಗಲ್ಲದಿಂದ ನೊರೆ ಇಳಿಯುತ್ತಿದೆ. ಟೂತ್‌ಪೇಸ್ಟು ಹಸಿರು ಬಣ್ಣದ್ದಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಅಮರೇಶಪ್ಪನಿಗೆ ಅರ್ಥವಾದದ್ದು ಇಷ್ಟು: ತಾನು ನೀರು ಕುಡಿಸಿದ ಹುಡುಗರು ಹಸಿರು ವಾಂತಿ ಮಾಡುತ್ತಿದ್ದಾರೆ! ಒಂದೇ ಉಸಿರಿಗೆ ವೆಂಕಟೇಶನ ಆಫೀಸು ಕೋಣೆಗೆ ಓಡಿದ. ವೆಂಕಟೇಶ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ.

"ವೆಂಕಟೇಶ್ ಗಾರು! ಮೀ ಪಿಲ್ಲಲು! ಪಚ್ಚಗಾ ಕಾರುತುನ್ನಾರು!"

ನಿಮ್ಮ ಮಕ್ಕಳು ಹಳದಿಯಾಗಿ ಸೋರುತ್ತಿದ್ದಾರೆ. ಇಂಥ ವಾಕ್ಯವನ್ನು ವೆಂಕಟೇಶ ಅದುವರೆಗೆ ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಊದುಬತ್ತಿ ಕೈಯಲ್ಲೇ ಉರಿಯಿತು. ಅವನ ಮನಸ್ಸು ಹಳದಿ, ಹುಡುಗರು, ನೀರಿನ ಟ್ಯಾಂಕರ್ ಎಂದು ಮೂರನ್ನೂ ಸೇರಿಸಿ ಕೂಡಿಸಿತು.

"ಪಚ್ಚಕಾಮೆರ್ಲಾ?" ಎಂದು ಕಿರುಚಿದ.

ಪಚ್ಚಕಾಮೆರ್ಲು ಎಂದರೆ ಕಾಮಾಲೆ ರೋಗ. ಅಮರೇಶಪ್ಪನಿಗೆ ಈ ಶಬ್ದ ಹೊಸದು. ಆದರೆ ಬಾಲಕ್ಕೆ 'ಲು' ಇದ್ದುದರಿಂದ ಬಾಲ ಕಿತ್ತು ನೋಡಿದ. ಉಳಿದದ್ದು 'ಕಾಮೆರ', ಅಂದರೆ ಕ್ಯಾಮೆರಾ. ಪೇಪರಿನವರು ಬರುತ್ತಿದ್ದಾರೆ! ಪಚ್ಚ ಎಂದರೆ ಬಣ್ಣದ ಕ್ಯಾಮೆರಾ ಇರಬೇಕು.

"ಒಚ್ಚಾಯಾ?" ಎಂದ ವೆಂಕಟೇಶ. ಬಂದಿದೆಯೇ?

"ರಾನಿವ್ವಂಡಿ!" ಅಮರೇಶಪ್ಪ ಎದೆಯುಬ್ಬಿಸಿದ. ಬರಲಿ ಬಿಡಿ. "ಭಯಂ ಲೇದು. ನಾ ನೀಳ್ಳು ಶುದ್ಧಂ. ಎನ್ನಿ ಕಾಮೆರ್ಲು ಒಚ್ಚಿನಾ ಫರವಾ ಲೇದು. ಅಂದರಿಕೀ ಚೂಪಿಸ್ತಾ!" ಎಷ್ಟು ಬಂದರೂ ಚಿಂತೆಯಿಲ್ಲ, ಎಲ್ಲರಿಗೂ ತೋರಿಸುತ್ತೇನೆ!

ಕಾಮಾಲೆ ಎಷ್ಟು ಬೇಕಾದರೂ ಬರಲಿ, ಎಲ್ಲರಿಗೂ ತೋರಿಸುತ್ತೇನೆ ಎನ್ನುವ ನೀರಿನವನನ್ನು ವೆಂಕಟೇಶ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಹಿಂದೆ ಹಿಂದೆ ಸರಿದು ಫೋನ್ ಎತ್ತಿದ.

ಮುಂದಿನ ಮುಕ್ಕಾಲು ಗಂಟೆಯಲ್ಲಿ ನಡೆದದ್ದನ್ನು ಅನುಕ್ರಮವಾಗಿ ಹೇಳುವುದು ಕಷ್ಟ. ನೂರಾ ನಲವತ್ತು ಹುಡುಗರು ಒಬ್ಬರ ಕಣ್ಣಿನ ರೆಪ್ಪೆಯನ್ನು ಒಬ್ಬರು ಎಳೆದು ನೋಡಿದರು. ಕಿಟಕಿಯ ಬಿಸಿಲಿನಲ್ಲಿ ಎಲ್ಲರ ಕಣ್ಣೂ ಸ್ವಲ್ಪ ಹಳದಿಯಾಗಿಯೇ ಕಂಡಿತು. ಜಾವಾ ತರಗತಿ ಖಾಲಿ, ಒರಾಕಲ್ ತರಗತಿ ಖಾಲಿ. ಒಬ್ಬ ಗುಂಟೂರಿಗೆ ಟ್ರಂಕ್ ಕಟ್ಟಿದ. ಮತ್ತೊಬ್ಬ ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಮಾಲೆ ಅಡ್ಡಿಯೋ ಅಲ್ಲವೋ ಎಂದು ವಿಚಾರಿಸಲು ಓಡಿದ. ವೆಂಕಟೇಶ ಗಳಗಳನೆ ಅಳುತ್ತಿದ್ದ.

ಅಮರೇಶಪ್ಪ ಮಾತ್ರ ಲಾರಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಮೇಲಿನ ಗುಂಡಿ ಹಾಕಿಕೊಂಡು, ಟ್ಯಾಂಕಿನ ಪಕ್ಕದಲ್ಲಿ ನಿಂತ. ಹುಡುಗರು ಇಷ್ಟೊಂದು ಓಡಾಡುತ್ತಿದ್ದಾರೆಂದರೆ ವಾಂತಿ ನಿಂತಿರಬೇಕು. ಫೋಟೋ ಪೇಪರಿನಲ್ಲಿ ಬಂದರೆ ಅಣ್ಣಂದಿರು ನೋಡುತ್ತಾರೆ. ಯಾವ ಪುಟದಲ್ಲಿ ಬಂದರೂ ಸರಿ.

ಆಗ ಬಂದವಳು ಯಂಕಮ್ಮ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಹಾಸ್ಟೆಲಿನ ಹಿಂದಿನ ಗುಡಿಸಲು ಸಾಲಿನಲ್ಲಿದ್ದಳು. ಟ್ಯಾಂಕರಿನ ಪೈಪು ಕಳಚುವಾಗ ಬೀಳುವ ನೀರಿಗೆ ದಿನಾ ಕೊಡ ಹಿಡಿಯುತ್ತಿದ್ದಳು. ಇಂದು ಕೊಡ ಹಿಡಿಯುವ ಮೊದಲೇ ಅವಳ ಕಾಲಿಗೆ ಬೆಚ್ಚಗಿನದು ಏನೋ ತಾಗಿತು. ಬಗ್ಗಿ ಬೆರಳಿಗೆ ಹಚ್ಚಿ ಮೂಸಿದಳು.

"ಎವ್ವಾ! ಅರಿಶಿನ!" ಅವಳ ಕೊಡ ಕೆಳಗೆ ಬಿತ್ತು. "ಆಷಾಢದಾಗ ಅರಿಶಿನ ನೀರು ತಾನs ಹರಿಯಾಕತ್ತೈತಿ! ಬಿಸಿ ಬಿಸಿ ಐತಿ! ಐತಾರ ಬೋನಾಲು, ತಾಯಿ ಮೂರ ದಿನ ಮೊದಲs ಬಂದಬಿಟ್ಟಾಳಲ್ಲವ್ವಾ!"

ಭಾನುವಾರದ ಬೋನಾಲು ಹಬ್ಬದಲ್ಲಿ ಊರ ಹೆಂಗಸರು ಗ್ರಾಮದೇವತೆ ಅಮ್ಮನಿಗೆ ಅರಿಶಿನದ ನೀರು ಸುರಿಯುತ್ತಾರೆ. ಆ ನೀರನ್ನು ಅಮ್ಮನೇ ಸುರಿಸಿದ್ದು ಯಾರೂ ನೋಡಿರಲಿಲ್ಲ. ಹತ್ತು ನಿಮಿಷದಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಸೇರಿದರು. ಬಂಪರಿಗೆ ಬೇವಿನ ಸೊಪ್ಪು ಕಟ್ಟಿದರು, ಎರಡೂ ಹೆಡ್‌ಲೈಟಿಗೆ ಕುಂಕುಮ ಇಟ್ಟರು. ವೈಪರಿಗೆ ಬಳೆ ತೊಡಿಸಿದರು. ಹುಸೇನಪ್ಪ ಮಗ್ಗಿನಿಂದ ರೇಡಿಯೇಟರಿಗೆ ನೀರು ಹಾಕಿದಾಗಲೆಲ್ಲ ಅಭಿಷೇಕವೆಂದು ಕೈಮುಗಿದರು. ಅವನ ಮೌನ ಅವರಿಗೆ ವ್ರತದಂತೆ ಕಂಡಿತು. ಒಬ್ಬಳು ಅವನ ಕಾಲಿಗೂ ಬಿದ್ದಳು. ಹುಸೇನಪ್ಪ ಕಣ್ಣು ಅಗಲಿಸಿದನೇ ಹೊರತು ಉಗುಳಲಿಲ್ಲ.

ಹೀಗೆ ರಸ್ತೆಯ ಒಂದು ಬದಿಯಲ್ಲಿ ಹುಡುಗರು ರೋಗವೆಂದು ಓಡುತ್ತಿದ್ದರು, ಇನ್ನೊಂದು ಬದಿಯಲ್ಲಿ ಹೆಂಗಸರು ದೇವತೆಯೆಂದು ಓಡಿಬರುತ್ತಿದ್ದರು. ನಡುವೆ ಇನ್ಸ್‌ಪೆಕ್ಟರ ಜೀಪು ಬಂದು ನಿಂತಿತು. ಶುಕ್ರವಾರ ಬರಬೇಕಾದವರು ಕಾಮಾಲೆಯ ಫೋನಿನಿಂದಾಗಿ ಒಂದು ದಿನ ಮೊದಲೇ ಬಂದಿದ್ದರು.

ಇನ್ಸ್‌ಪೆಕ್ಟರು ನಲವತ್ತೊಂದು ವರ್ಷದ ಅವಿವಾಹಿತರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿ. ಅವರು ಯಾರೊಡನೆಯೂ ಮಾತಾಡಲಿಲ್ಲ. ಹರಿಯುವ ಹಳದಿ ನೀರನ್ನು ನೋಡಿದರು, ಅದರ ಜಾಡು ಹಿಡಿದು ಲಾರಿಯವರೆಗೆ ಬಂದರು, ಕರವಸ್ತ್ರ ಹಾಸಿ ಮಂಡಿಯೂರಿ ಇಂಜಿನ್ನಿನ ಕೆಳಗೆ ಬಾಟಲಿ ಹಿಡಿದರು.

"ಅದಿ ಲಾರಿದಿ, ಸಾರ್" ಎಂದ ಅಮರೇಶಪ್ಪ. ಅದು ಲಾರಿಯದು.

"ಅವುನು. ಲಾರಿದೇ" ಎಂದರು ಇನ್ಸ್‌ಪೆಕ್ಟರು ಕಠೋರವಾಗಿ. ಹೌದು, ಲಾರಿಯದೇ.

ಇಬ್ಬರಿಗೂ ಸಂಪೂರ್ಣ ಸಹಮತವಿತ್ತು. ಆ ದಿನ ಅಮೀರ್‌ಪೇಟೆಯಲ್ಲಿ ಇಬ್ಬರು ಒಂದೇ ಮಾತು ಒಪ್ಪಿದ್ದು ಇದೊಂದೇ ಸಲ. ಬಾಟಲಿ ತುಂಬಿತು, ಬಿರಡೆ ಬಿತ್ತು. ಅರಗು ಕಾಯಿಸಿ ಸೀಲು ಒತ್ತಿದರು. ಚೀಟಿಯ ಮೇಲೆ ಲಾರಿಯ ನಂಬರು ಬರೆದು, 'ನೀರು: ಹಳದಿ, ಬಿಸಿ' ಎಂದು ಸೇರಿಸಿದರು.

"ಕ್ಯಾಮೆರಾ ಯಾವಾಗ ಬರತೈತಿ?" ಅಮರೇಶಪ್ಪ ಮೆಲ್ಲಗೆ ಕೇಳಿದ.

ಇನ್ಸ್‌ಪೆಕ್ಟರು ಅವನ ಮುಖ ನೋಡಿದರು. ಅವರಿಗೆ ಕನ್ನಡ ಬಾರದು, ಕ್ಯಾಮೆರಾ ತಿಳಿಯಿತು. "ಏಂಟಿ ದಾಸ್ತುನ್ನಾವ್? ಬಾನೆಟ್ ತೆರುವು" ಎಂದರು. ಏನು ಬಚ್ಚಿಡುತ್ತಿದ್ದೀಯ, ಬಾನೆಟ್ ತೆರೆ.

ತನ್ನಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಅಮರೇಶಪ್ಪ ಬಾನೆಟ್ ತೆರೆದದ್ದಷ್ಟೇ ಅಲ್ಲ, ರೇಡಿಯೇಟರಿನ ಮುಚ್ಚಳಕ್ಕೂ ಕೈಹಾಕಿದ. ಹುಸೇನಪ್ಪ "ಉಂಹೂಂ! ಉಂಹೂಂ!" ಎಂದು ಮೂಗಿನಿಂದಲೇ ಕೂಗಿದ. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬಾರದು ಎಂಬುದು ಲಾರಿ ಓಡಿಸುವವರಿಗೆ ತಿಳಿದಿರುವ ಮೊದಲ ಪಾಠ. ಲಾರಿ ನಿಂತು ಹೊತ್ತಾಗಿತ್ತು, ಹುಸೇನಪ್ಪ ಮಗ್ಗುಗಟ್ಟಲೆ ತಣ್ಣೀರು ಹೊತ್ತು ಹಾಕಿದ್ದ. ಆದ್ದರಿಂದಲೇ ಅಂದು ಯಾರ ಮೈಯೂ ಸುಡಲಿಲ್ಲ. ಆದರೆ ಅವನು ಆಗಷ್ಟೇ ಮುಚ್ಚಳ ಬಿಗಿದು ಇಂಜಿನ್ ಓಡಿಸಿ ನೋಡಿದ್ದರಿಂದ ಒಳಗೆ ಮತ್ತೆ ಒತ್ತಡವಿತ್ತು, ಅರ್ಧ ಕಿಲೊ ಅರಿಶಿನವಿತ್ತು.

ಮುಚ್ಚಳ ಭುಸ್ ಎಂದಿತು. ಒಂದು ಹಳದಿ ಕಂಬ ಎದ್ದು, ಗಾಳಿಯಲ್ಲಿ ಕ್ಷಣ ನಿಂತು, ಯೋಚಿಸಿ, ಇನ್ಸ್‌ಪೆಕ್ಟರ ಮೇಲೆ ಕುಳಿತುಕೊಂಡಿತು.

ತಲೆಯಿಂದ ಚಪ್ಪಲಿಯವರೆಗೆ ಅರಿಶಿನವಾಗಿ, ಬೆಚ್ಚಗೆ ಹಬೆಯಾಡುತ್ತ, ಇನ್ಸ್‌ಪೆಕ್ಟರು ಕೈಯಲ್ಲಿ ಸೀಲಾದ ಬಾಟಲಿ ಹಿಡಿದು ನಿಂತಿದ್ದರು.

"ಪೆಳ್ಳಿಕೊಡುಕು!" ಎಂದಳೊಬ್ಬ ಮುದುಕಿ. ಮದುಮಗ!

"ತಾಯೀನs ಮುಂದ ನಿಂತು ಅರಿಶಿನ ಹಚ್ಯಾಳವ್ವಾ" ಎಂದಳು ಯಂಕಮ್ಮ. ಹೆಂಗಸರು ಇನ್ಸ್‌ಪೆಕ್ಟರ ಸುತ್ತ ನಿಂತು ಹಾಡು ಶುರುಮಾಡಿದರು. ಇನ್ಸ್‌ಪೆಕ್ಟರು ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದರು.

ಆಗ, ಅಂದರೆ ಒಂಬತ್ತೂ ಹತ್ತಕ್ಕೆ, ಹುಸೇನಪ್ಪ ಪಕ್ಕಕ್ಕೆ ಹೋಗಿ ಉಗುಳಿದ. ಇಡೀ ತಂಬಾಕು. ಅಮರೇಶಪ್ಪ ಅದನ್ನು ನೋಡಿ ಮತ್ತೆಲ್ಲಕ್ಕಿಂತ ಹೆಚ್ಚು ಗಾಬರಿಯಾದ.

"ಅದು ರೇಡಿಯೇಟರ್ ನೀರ್ರಿ" ಎಂದ ಹುಸೇನಪ್ಪ, ಮೊದಲು ಕನ್ನಡದಲ್ಲಿ, ಆಮೇಲೆ ಒಳ್ಳೆಯ ತೆಲುಗಿನಲ್ಲಿ. "ಇಂಜಿನ್ನಿಂದು. ಕುಡಿಯೂ ನೀರು ಹಿಂದ ಐತಿ. ಯಾರಿಗೂ ಕಾಮಣಿ ಇಲ್ಲ. ಯಾರೂ ಕಾರಿಕೊಂಡಿಲ್ಲ. ಯಾವ ಕ್ಯಾಮೆರಾನೂ ಬರೂದಿಲ್ಲ. ಕಾಮೆರ್ಲು ಅಂದ್ರ ಕಾಮಣಿ ಬ್ಯಾನಿರಿ, ಮಾಲಕ್ರ."

ಅಮರೇಶಪ್ಪನ ತಲೆಯೊಳಗೆ ಬೆಳಗಿನಿಂದ ಆಡಿದ ಮಾತೆಲ್ಲ ಹಿಂದುಮುಂದಾಗಿ ಓಡಿತು. ಎಷ್ಟು ಬಂದರೂ ಚಿಂತೆಯಿಲ್ಲ, ಎಲ್ಲರಿಗೂ ತೋರಿಸುತ್ತೇನೆ. ಅವನು ಬಾಚಿಕೊಂಡ ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತ.

"ಅಲ್ಲೋ, ಮೊದಲs ಹೇಳಬಾರದನೋ?"

"ಬಾಯಾಗ ತಂಬಾಕಿತ್ರಿ" ಎಂದ ಹುಸೇನಪ್ಪ, ಹೊಸ ಚೂರು ತಿಕ್ಕುತ್ತ.

"ಸಾರ್, ಆ ಬಾಟಲಿ ಚೆಲ್ಲಿ ಹಿಂದಿನ ನಲ್ಲಿಯಿಂದ ಹಿಡೀರಿ ಸಾರ್" ಎಂದು ಅಮರೇಶಪ್ಪ ತಾನು ಬಲ್ಲ ಮೂರೂ ಭಾಷೆಗಳಲ್ಲಿ ಬೇಡಿಕೊಂಡ. ಇನ್ಸ್‌ಪೆಕ್ಟರು ಬಾಟಲಿಯನ್ನು ಎದೆಗೆ ಅವಚಿಕೊಂಡರು.

"ಸೀಲ್ ವೇಶಾಕ ತೀಯಕೂಡದು."

ಸೀಲು ಹಾಕಿದ ಮೇಲೆ ತೆಗೆಯುವಂತಿಲ್ಲ. ನಿಯಮ. ಹಳದಿ ಇನ್ಸ್‌ಪೆಕ್ಟರು ಹಳದಿ ಬಾಟಲಿಯೊಡನೆ ಜೀಪು ಹತ್ತಿ ಹೋದರು. ಹೆಂಗಸರು ಅಕ್ಷತೆ ಹಾಕಿ ಕಳಿಸಿದರು.

ಅಂದರೆ ಅಮರೇಶಪ್ಪನ ಅನ್ನವೆಲ್ಲ ಈಗ ಹದಿನೇಳು ವರ್ಷ ಹಳೆಯ ಇಂಜಿನ್ನಿನ ತುಕ್ಕು ತೊಳೆದ ನೀರಿನ ಪರೀಕ್ಷೆಯ ಮೇಲೆ ನಿಂತಿತ್ತು. ಗಿರಿಜಾಬಾಯಿ ಎರಡು ದಿನ ಸಾರಿಗೆ ಅರಿಶಿನ ಹಾಕಲಿಲ್ಲ; ಇರಲಿಲ್ಲ. ಬಿಳಿಚಿಕೊಂಡ ಸಾರು ಬಡಿಸುತ್ತ, "ಟ್ರಂಕು ಅಟ್ಟದ ಮ್ಯಾಲಿಂದ ಇಳಿಸಲೇನ್ರಿ?" ಎಂದಳು. ಅಮರೇಶಪ್ಪ ಅಟ್ಟದ ಕಡೆ ನೋಡಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಶನಿವಾರ ಗೌಸ್‌ಮಿಯಾ ಬಂದ. ರೇಡಿಯೇಟರಿನ ಬುಡದ ಬಿರಡೆ ಬಿಚ್ಚಿ ಸುರಿದ ನೀರು ನೋಡಿ ಅವನ ಬೀಡಿ ಬಾಯಿಂದ ಜಾರಿತು. "ಯಾ ಅಲ್ಲಾ! ಇಂಜಿನ್ ಚಲಾರೇ ಕೀ ಬಿರ್ಯಾನಿ ಪಕಾರೇ ಮಿಯಾಂ?" ಇಂಜಿನ್ ಓಡಿಸುತ್ತಿದ್ದೀರೋ, ಬಿರ್ಯಾನಿ ಬೇಯಿಸುತ್ತಿದ್ದೀರೋ? ತೊಳೆಯಲಿಕ್ಕೇ ಮೂರು ಗಂಟೆ ಹಿಡಿಯಿತು. ಆಮೇಲೆ ಲಾರಿಯ ಕೆಳಗೆ ನುಸುಳಿ, ನೀರು ತುಂಬಿಸಿ ನೋಡಿ, ಅಲ್ಲಿಂದಲೇ ಕೇಳಿದ:

"ಕಿಲಿಪ್ ದೇಖೇ ಥೇ ಕ್ಯಾ?"

"ಯಾವ ಕಿಲಿಪ್?"

ರೇಡಿಯೇಟರಿಗೆ ತೂತೇ ಬಿದ್ದಿರಲಿಲ್ಲ. ರೇಡಿಯೇಟರಿನ ಬುಡದಿಂದ ಇಂಜಿನ್ನಿಗೆ ನೀರು ಒಯ್ಯುವ ರಬ್ಬರ್ ಪೈಪಿನ ಬಾಯಿಗೆ ತಗಡಿನ ಉಂಗುರದಂಥ ಕ್ಲಿಪ್ಪು ಇರುತ್ತದೆ. ಅದರ ಸ್ಕ್ರೂ ಸಡಿಲಾಗಿತ್ತು. ಗೌಸ್‌ಮಿಯಾ ಸ್ಕ್ರೂಡ್ರೈವರ್ ಇಟ್ಟು ಕಾಲು ಸುತ್ತು ತಿರುಗಿಸಿದ. ತೊಟ್ಟು ನಿಂತಿತು. ಒಂದು ಹನಿಯೂ ಇಲ್ಲ. ಕಾಲು ಸುತ್ತು!

ಅಮರೇಶಪ್ಪ ಹುಸೇನಪ್ಪನ ಕಡೆ ನೋಡಿದ. ಹುಸೇನಪ್ಪ ಬುಧವಾರ ಮಾಡಿದ್ದ ತಿರುಗಿಸುವ ಸನ್ನೆಯನ್ನೇ ಮತ್ತೊಮ್ಮೆ ಮಾಡಿ ತೋರಿಸಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಸ್ಟೆಲಿನ ಮುಂದೆ ಇನ್ಸ್‌ಪೆಕ್ಟರ ಜೀಪು ನಿಂತಿತ್ತು. ಅಮರೇಶಪ್ಪ ಲಾರಿಯಿಂದ ಇಳಿದ. ಇನ್ಸ್‌ಪೆಕ್ಟರ ಕಿವಿಯ ಹಿಂದೆ ಇನ್ನೂ ಹಳದಿ ಉಳಿದಿತ್ತು. ಅವರು ಕಾಗದ ತೆಗೆದು ಓದಿದರು. ಹುಸೇನಪ್ಪ ಬೆರಳ ಸನ್ನೆಯಲ್ಲಿ ಅನುವಾದ ಮಾಡಿದ. ರೋಗಾಣು: ಇಲ್ಲ. ಒಂದೂ ಇಲ್ಲ. ಇಂಜಿನ್ನಿನಲ್ಲಿ ಕುದಿದ ನೀರಿನಲ್ಲಿ ಯಾವ ರೋಗಾಣು ಬದುಕೀತು? ಕಬ್ಬಿಣದ ಅಂಶ: ಸಾಮಾನ್ಯಕ್ಕಿಂತ ಹೆಚ್ಚು. ಅರಿಶಿನ: ಉತ್ತಮ ದರ್ಜೆಯದು. ಷರಾ: ಕುಡಿಯಲು ಯೋಗ್ಯ.

ಅಮರೇಶಪ್ಪ ಷರಾವನ್ನು ಇನ್ನೊಮ್ಮೆ ತೋರಿಸು ಎಂದು ಹುಸೇನಪ್ಪನಿಗೆ ಸನ್ನೆ ಮಾಡಿದ.

ವೆಂಕಟೇಶನಂತೂ ಬೇರೆಯೇ ಮನುಷ್ಯನಾಗಿದ್ದ. ವರದಿ ಅವನಿಗೆ ಶನಿವಾರವೇ ಫೋನಿನಲ್ಲಿ ತಿಳಿದಿತ್ತು, ಹುಸೇನಪ್ಪನ ಮಾತಿಗಿಂತ ಸರ್ಕಾರಿ ಸೀಲು ಅವನಿಗೆ ದೊಡ್ಡದು. ರೋಗಾಣುವಿಲ್ಲದ, ಕಬ್ಬಿಣವಿರುವ, ಅರಿಶಿನ ಬೆರೆತ ಬಿಸಿ ನೀರು! ಅಮೀರ್‌ಪೇಟೆಯ ಇನ್ಯಾವ ಹಾಸ್ಟೆಲಿನಲ್ಲಿದೆ? ಗೇಟಿಗೆ ಆಗಲೇ ಬೋರ್ಡು ಬರೆಸಿದ್ದ. ಗುರುವಾರ ಓಡಿಹೋದವರಲ್ಲಿ ಹದಿನೆಂಟು ಮಂದಿ ಬಿಟ್ಟು ಉಳಿದವರು ತಮ್ಮ ಗೆಳೆಯರನ್ನೂ ಕರೆದುಕೊಂಡು ಬಂದಿದ್ದರು. ಅವನು ಲಾರಿಯ ಕೆಳಗೆ ಇಣುಕಿ ನೋಡಿದ. ಒಣಗಿತ್ತು.

"ಏದಿ? ಪಸುಪು ನೀಳ್ಳು ಏವಿ?" ಎಂದ. ಎಲ್ಲಿ, ಅರಿಶಿನದ ನೀರೆಲ್ಲಿ?

ಬೇವಿನ ಸೊಪ್ಪು ಹಿಡಿದು ಕಾದಿದ್ದ ಯಂಕಮ್ಮನೂ ಬಗ್ಗಿ ನೋಡಿದಳು. "ತಾಯಿ ಸಿಟ್ಟಾಗ್ಯಾಳೇನ್ರಿ ಸಾವ್ಕಾರ್ರ? ಏನ್ ಮಾಡೀರಿ ಆಕೀಗೆ?"

ಇನ್ಸ್‌ಪೆಕ್ಟರು ಸರ್ಟಿಫಿಕೇಟನ್ನು ಅರ್ಧ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. 'ಪರೀಕ್ಷಿಸಿದ ನಮೂನೆಯ ಗುಣಮಟ್ಟವನ್ನು ಕಾಯ್ದುಕೊಂಡು ಬರತಕ್ಕದ್ದು. ತಪ್ಪಿದರೆ ರದ್ದು.'

ಅಮರೇಶಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ನಿಜ ಹೇಳಿದರೆ ಸರ್ಟಿಫಿಕೇಟು ಹೋಗುತ್ತದೆ, ಹಾಸ್ಟೆಲು ಹೋಗುತ್ತದೆ. ಯಂಕಮ್ಮ ಸುಮ್ಮನೆ ಬಿಡುವುದಿಲ್ಲ. ಅವನು ಜೀವನದಲ್ಲಿ ಮೊದಲ ಸಲ ಒಂದು ಕಾಗದವನ್ನು ಕೊನೆಯ ಸಾಲಿನವರೆಗೆ ಕೇಳಿಸಿಕೊಂಡಿದ್ದ.

"ಒಂದು ನಿಮಿಷಲು" ಎಂದ.

ಬಾನೆಟ್ಟಿನ ಮರೆಗೆ ಹೋಗಿ ಹುಸೇನಪ್ಪನಿಗೆ ಪಿಸುಗುಟ್ಟಿದ: "ಸ್ಕ್ರೂಡ್ರೈವರ್ ಎಲ್ಲೈತೋ?"

ಹುಸೇನಪ್ಪನ ಬಾಯಲ್ಲಿ ತಂಬಾಕಿತ್ತು. ಮಾತಿಲ್ಲದೆ ಒಂದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಇನ್ನೊಂದು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅರಿಶಿನ. ಒಂದೇ ಮುಷ್ಟಿ.

ಕಾಲು ಸುತ್ತು ಹಿಂದಕ್ಕೆ ತಿರುಗಿತು. ತೊಟ್, ತೊಟ್ ಎಂದು ಹಳದಿ ಹನಿ ರಸ್ತೆಗೆ ಬಿತ್ತು. ಯಂಕಮ್ಮ ಕೈಮುಗಿದಳು, ವೆಂಕಟೇಶ ನಕ್ಕ. ಇನ್ಸ್‌ಪೆಕ್ಟರು ಸರ್ಟಿಫಿಕೇಟು ಕೊಟ್ಟು, ಎರಡು ಹೆಜ್ಜೆ ಹಿಂದೆ ನಿಂತು, ರೇಡಿಯೇಟರಿನ ಮುಚ್ಚಳವನ್ನೇ ನೋಡುತ್ತ ಜೀಪಿನ ಕಡೆ ನಡೆದರು.

ಅಂದಿನಿಂದ ಗಿರಿಜಾಬಾಯಿಯ ಕಿರಾಣಿ ಚೀಟಿಯಲ್ಲಿ ಅರಿಶಿನಕ್ಕೆ ಎರಡು ಸಾಲು: ಮನೆಗೆ ನೂರು ಗ್ರಾಂ, ಲಾರಿಗೆ ಎರಡು ಕಿಲೊ.